ಬ್ರಿಟನ್‌ನಲ್ಲಿ ಅಮೆರಿಕಕ್ಕಿಂತ ಹಿಂಸೆ ಜಾಸ್ತಿಯಂತೆ! ಆ ಮೆಸೇಜ್ ಬಗ್ಗೆ ಸ್ಪಷ್ಟನೆ

"ಬ್ರಿಟನ್‌ನಲ್ಲಿ ಜನರ ಕೋವಿ ಕಸಿದುಕೊಂಡರು, ಈಗ ಅಲ್ಲಿ ಅಮೆರಿಕಕ್ಕಿಂತ ಹಿಂಸೆ ಜಾಸ್ತಿ" ಅನ್ನೋ ಮೆಸೇಜ್ ನಮ್ಮ ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ದಯವಿಟ್ಟು ಮುಂದೆ ಕಳಿಸಬೇಡಿ.

ಎರಡೂ ಕಡೆ ಲೆಕ್ಕ ಹಿಡಿಯುವ ರೀತಿಯೇ ಬೇರೆ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಹಿಂಸೆ ಅಂತ ಎಣಿಸುವುದು ನಾಲ್ಕನ್ನು ಮಾತ್ರ: ಕೊಲೆ, ಅತ್ಯಾಚಾರ, ಸುಲಿಗೆ, ಗಂಭೀರ ಹಲ್ಲೆ. ಇಂಗ್ಲೆಂಡಿನ ಪೊಲೀಸರು ಗಾಯವೇ ಆಗದ ತಳ್ಳಾಟ, ಕಿರುಕುಳವನ್ನೂ ಅದರಲ್ಲೇ ಸೇರಿಸುತ್ತಾರೆ. ಸಿಪ್ಪೆಗೋಟಿನ (ಸಿಪ್ಪೆ ಸುಲಿಯದ ಒಣ ಅಡಿಕೆ) ತೂಕವನ್ನು ಸುಲಿದ ಚಾಲಿ ಅಡಿಕೆಯ ತೂಕಕ್ಕೆ ಹೋಲಿಸಿದ ಹಾಗಾಯ್ತು, ಅಲ್ವಾ? ಕೊಲೆಯನ್ನು ಹೋಲಿಸಿ ನೋಡಿ, ಅದನ್ನು ಎಣಿಸುವುದು ಹೆಚ್ಚುಕಮ್ಮಿ ಒಂದೇ ಥರ. ಇಂಗ್ಲೆಂಡ್-ವೇಲ್ಸ್‌ನಲ್ಲಿ ವರ್ಷಕ್ಕೆ ಲಕ್ಷ ಜನಕ್ಕೆ ಸುಮಾರು 1, ಅಮೆರಿಕದಲ್ಲಿ 2021ರಲ್ಲಿ 6ಕ್ಕೂ ಜಾಸ್ತಿ.

ಎಲ್ಲ ಕೋವಿ ಕಸಿದದ್ದೂ ಸುಳ್ಳು. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಶಾಲೆಯಲ್ಲಿ 16 ಪುಟ್ಟ ಮಕ್ಕಳು ಮತ್ತು ಅವರ ಟೀಚರ್ ಗುಂಡಿಗೆ ಬಲಿಯಾದರು, ಅದಾದ ಮೇಲೆ 1997ರಲ್ಲಿ ನಿಷೇಧವಾದದ್ದು ಪಿಸ್ತೂಲಿನಂಥ ಕೈಬಂದೂಕುಗಳು ಮಾತ್ರ. ಅಲ್ಲಿನ ರೈತರು ಈಗಲೂ ಲೈಸೆನ್ಸ್ ಮಾಡಿಸಿ ಶಾಟ್‌ಗನ್ ಇಟ್ಟುಕೊಳ್ಳುತ್ತಾರೆ, ನಾವು ಬೆಳೆ ರಕ್ಷಣೆಗೆ ಇಟ್ಟ ಹಾಗೆ.

ಚುನಾವಣೆ ಅಂತ ಕೋವಿಯನ್ನು ಠಾಣೆಗೆ ಕೊಟ್ಟು ಬಂದ ವಾರವೇ ಹಂದಿ ನುಗ್ಗಿ ತೋಟದ ಬಾಳೆ ಬುಡವೆಲ್ಲ ಕಿತ್ತುಹಾಕಿದ್ದು ನಮ್ಮನೆಯಲ್ಲೂ ಆಗಿದೆ. ಆ ಸಿಟ್ಟು ನನಗೂ ಇದೆ. ಅದನ್ನು ಕಾರವಾರದ ಡಿಸಿ ಆಫೀಸಿಗೆ ಬರೆದು ಕೇಳೋಣ, ಅರ್ಜಿಗೆ ಸಹಿ ಹಾಕಲು ನಾನು ಮೊದಲು ಬರುತ್ತೇನೆ.