ಹನ್ನೊಂದು ಟೀಚರ್‌ಗಳ ಸಂಬಳ

ಕಳೆದ ತಿಂಗಳು ನನ್ನ ಚಿಕ್ಕಪ್ಪನ ಮಗ ಒಂದು ಫೈಲ್ ಹಿಡಿದುಕೊಂಡು ಮನೆಗೆ ಬಂದ. ಬ್ಯಾಂಕ್ ಕೆಲಸದಿಂದ ಸ್ವಯಂ ನಿವೃತ್ತಿ ತಗೊಂಡವನು. ಕೈಯಲ್ಲಿ ಒಂದಿಷ್ಟು ಇಡಿಗಂಟು ಇದೆ, ಚಿಕ್ಕಪ್ಪ ಬಿಟ್ಟುಹೋದ ಜಾಗವೂ ಇದೆ. "ಅಕ್ಕಾ, ಸೈನ್ ಮಾಡೋಕೆ ಮುಂಚೆ ನೀನೊಂದ್ಸಲ ನೋಡಿಬಿಡು. ಸ್ಕೂಲ್ ಫ್ರಾಂಚೈಸಿ, ಅವರ ಹೆಸರಲ್ಲಿ ನಾವು ಸ್ಕೂಲ್ ನಡೆಸೋದು. ನಾಲ್ಕನೇ ವರ್ಷಕ್ಕೆ ಹಾಕಿದ ದುಡ್ಡೆಲ್ಲ ವಾಪಸ್ ಬರುತ್ತೆ ಅಂತಿದ್ದಾರೆ" ಅಂದ.

ನಾನು ಇಪ್ಪತ್ತೆರಡು ವರ್ಷದಿಂದ ಶಾಲೆಗಳ ಲೆಕ್ಕಪತ್ರ ನೋಡಿಕೊಂಡು ಬಂದವಳು. ಟ್ರಸ್ಟ್ ಡೀಡ್, ಫೀಸ್ ರಿಜಿಸ್ಟರ್, ಸಂಬಳದ ಪಟ್ಟಿ, ಆಡಿಟ್ ಇವುಗಳ ನಡುವೆಯೇ ಆಯಸ್ಸು ಕಳೆದಿದೆ. ಅವನ ಫೈಲಿನ ಮೊದಲ ಹತ್ತು ಪುಟ ಬರೀ ಫೋಟೊ. ನಗುವ ಮಕ್ಕಳು, ಗಾಜಿನ ಕಟ್ಟಡ, ಈಜುಕೊಳ. ಕೊನೆಯ ಪುಟದಲ್ಲಿ ಐದು ವರ್ಷದ ಅಂದಾಜು ಪಟ್ಟಿ. ಅದರ ಕೆಳಗಿನ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ 'ನಿವ್ವಳ ಲಾಭ' ಅಂತ ಇತ್ತು. ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಮಾನ್ಯತೆ ಪಡೆದ ಶಾಲೆಯ ಲೆಕ್ಕದಲ್ಲಿ ಹೂಡಿಕೆದಾರನಿಗೆ ಸೇರುವ 'ನಿವ್ವಳ ಲಾಭ' ಅನ್ನುವ ಸಾಲೇ ನಮ್ಮ ದೇಶದ ಕಾನೂನಿನಲ್ಲಿ ಇಲ್ಲ.

ಇದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ವ್ಯಾಪಾರವಲ್ಲ ಎಂದು ಹೇಳಿತು. 2002ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಕೆಲವು ಬಿಗಿಗಳನ್ನು ಸಡಿಲಿಸಿತು. ಶಿಕ್ಷಣ ಸಂಸ್ಥೆ ಕಟ್ಟುವುದು ಸಂವಿಧಾನದ 19(1)(ಜಿ) ವಿಧಿಯಲ್ಲಿ ಬರುವ ಉದ್ಯೋಗ, ಫೀಸ್ ಎಷ್ಟು ಎಂದು ನಿರ್ಧರಿಸುವ ಸ್ವಾತಂತ್ರ್ಯ ಖಾಸಗಿ ಶಾಲೆಗಿದೆ, ಶಾಲೆ ಬೆಳೆಸುವುದಕ್ಕೆ ಒಂದು ಮಿತಿಯ ಮಿಗತೆಯನ್ನೂ (ಖರ್ಚು ಕಳೆದು ಉಳಿದ ದುಡ್ಡು) ಇಟ್ಟುಕೊಳ್ಳಬಹುದು ಎಂದಿತು. ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಷನ್, ಅಂದರೆ ಸೀಟಿಗಾಗಿ ಫೀಸಿನ ಮೇಲೆ ಕೀಳುವ ಡೊನೇಷನ್, ಕೂಡದು ಅನ್ನುವುದನ್ನು ಮಾತ್ರ ಬಿಡಲಿಲ್ಲ. ಮಿಗತೆ ಶಾಲೆಯದು, ಹಾಕಿದವನದಲ್ಲ. ಸಾಮಾನ್ಯವಾಗಿ ಶಾಲೆ ನಡೆಸುವವರು ಟ್ರಸ್ಟ್ ಆಗಿರಬೇಕು, ಸೊಸೈಟಿ ಆಗಿರಬೇಕು, ಇಲ್ಲವೇ ಲಾಭಾಂಶ ಹಂಚದ ಸೆಕ್ಷನ್ 8 ಕಂಪನಿ ಆಗಿರಬೇಕು. 2022ರ ಅಕ್ಟೋಬರ್‌ನಲ್ಲಿ ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿಯಾಗಿ ಹೇಳಿತು: ತೆರಿಗೆ ವಿನಾಯಿತಿ ಬೇಕಿದ್ದರೆ ಸಂಸ್ಥೆ 'ಕೇವಲ' ಶಿಕ್ಷಣಕ್ಕಾಗಿಯೇ ಇರಬೇಕು, ಲಾಭದ ಉದ್ದೇಶ ಇರಬಾರದು.

ಹಾಗಾದರೆ ನಾಲ್ಕನೇ ವರ್ಷಕ್ಕೆ ದುಡ್ಡು ವಾಪಸ್ ಬರುವುದು ಎಲ್ಲಿಂದ?

ಉತ್ತರ ಅದೇ ಫೈಲಿನಲ್ಲಿತ್ತು. ಟ್ರಸ್ಟ್ ಒಂದು, ಅದರ ಪಕ್ಕಕ್ಕೆ ದುಡ್ಡು ಹಾಕಿದವನದೇ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಜಾಗ, ಕಟ್ಟಡ ಕಂಪನಿಯದು. ಟ್ರಸ್ಟ್ ಅದಕ್ಕೆ ಬಾಡಿಗೆ ಕೊಡುತ್ತದೆ. ಬಸ್ಸು ಕಂಪನಿಯದು, ಯೂನಿಫಾರ್ಮ್, ಪುಸ್ತಕ ಕಂಪನಿಯದು, 'ನಿರ್ವಹಣಾ ಶುಲ್ಕ' ಅಂತ ಇನ್ನೊಂದು. ಫೀಸ್ ಮುಂಬಾಗಿಲಿಂದ ಟ್ರಸ್ಟಿಗೆ ಬಂದು ಹಿತ್ತಿಲ ಬಾಗಿಲಿಂದ ಕಂಪನಿಗೆ ಹೋಗುತ್ತದೆ. ಬಾಡಿಗೆ ಕೊಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ, ನ್ಯಾಯವಾದ ಬಾಡಿಗೆಗೆ ಕಾನೂನಿನ ಅಡ್ಡಿ ಇಲ್ಲ. ಆದರೆ ಟ್ರಸ್ಟಿಗಳಿಗೋ ಅವರ ಮನೆಯವರಿಗೋ ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೊಟ್ಟರೆ ವಿನಾಯಿತಿಗೆ ಕುತ್ತು ಬರುತ್ತದೆ. ಇದನ್ನೆಲ್ಲ ನನ್ನ ತಮ್ಮನಿಗೆ ಫ್ರಾಂಚೈಸಿ ಕೊಡುವವರು ಹೇಳಿದ್ದು ಒಂದೇ ಮಾತಿನಲ್ಲಿ: "ಅದನ್ನೆಲ್ಲ ನಮ್ಮ ಆಡಿಟರ್ ನೋಡ್ಕೋತಾರೆ ಸರ್." ನೋಟಿಸ್ ಬರುವುದು ಆ ಆಡಿಟರ್ ಹೆಸರಿಗಲ್ಲ, ಟ್ರಸ್ಟಿಯಾಗಿ ಸೈನ್ ಮಾಡಿದ ಇವನ ಹೆಸರಿಗೆ.

ಇನ್ನು ರಾಯಲ್ಟಿ, ಅಂದರೆ ಅವರ ಹೆಸರು ಬಳಸಿದ್ದಕ್ಕೆ ವರ್ಷ ವರ್ಷ ಕೊಡುವ ಪಾಲು. ಇದು ನನ್ನನ್ನು ಹೆಚ್ಚು ಕಾಡಿದ ವಿಷಯ. ಒಪ್ಪಂದದಲ್ಲಿ ರಾಯಲ್ಟಿ ಲೆಕ್ಕ ಹಾಕುವುದು ಖರ್ಚು ಕಳೆದು ಉಳಿದದ್ದರ ಮೇಲಲ್ಲ, ಒಟ್ಟು ಫೀಸಿನ ಮೇಲೆ. ಒಂದು ಉದಾಹರಣೆ ತಗೊಳ್ಳಿ. 300 ಮಕ್ಕಳು, ತಲೆಗೆ ವರ್ಷಕ್ಕೆ 50,000 ರೂಪಾಯಿ ಫೀಸು, ಒಟ್ಟು ಒಂದೂವರೆ ಕೋಟಿ. ರಾಯಲ್ಟಿ 15% ಅಂದುಕೊಂಡರೆ 22.5 ಲಕ್ಷ. ಫ್ರಾಂಚೈಸಿ ಸೇವೆಗೆ 18% ಜಿಎಸ್‌ಟಿ, ಅದು 4.05 ಲಕ್ಷ. ಶಾಲೆಯ ಫೀಸಿಗೆ ಜಿಎಸ್‌ಟಿ ಇಲ್ಲದ ಕಾರಣ ಈ ತೆರಿಗೆಯನ್ನು ಎಲ್ಲೂ ಹೊಂದಿಸಿಕೊಳ್ಳಲು ಬರುವುದಿಲ್ಲ, ಹೋದದ್ದು ಹೋದಂತೆಯೇ. ಒಟ್ಟು 26.55 ಲಕ್ಷ. ಈಗ ಆ ಶಾಲೆಯಲ್ಲಿ ತಿಂಗಳಿಗೆ 20,000 ಸಂಬಳದ ಟೀಚರ್‌ಗಳಿದ್ದಾರೆ ಅಂದುಕೊಳ್ಳಿ. ಒಬ್ಬರಿಗೆ ವರ್ಷಕ್ಕೆ 2.4 ಲಕ್ಷ. ಭಾಗಿಸಿ ನೋಡಿ, ಹನ್ನೊಂದು ಟೀಚರ್‌ಗಳ ಸಂಬಳ. 30 ಮಕ್ಕಳಿಗೊಂದು ಸೆಕ್ಷನ್ ಅಂದರೆ ಹತ್ತು ಸೆಕ್ಷನ್. ಸೆಕ್ಷನ್ನಿಗೆ ಒಂದೂವರೆ ಟೀಚರ್ ಅನ್ನುವ ಸಿಬಿಎಸ್‌ಇ ಲೆಕ್ಕದಲ್ಲಿ ಇಡೀ ಶಾಲೆಗೆ ಬೇಕಾದವರೇ ಹದಿನೈದು ಜನ!

ಈ ದುಡ್ಡು ಎಲ್ಲಿಂದ ಹೊಂದಿಸುತ್ತಾರೆ? ಬಾಡಿಗೆ ಕಡಿಮೆ ಮಾಡಲಾಗದು, ಬ್ಯಾಂಕಿನ ಕಂತು ನಿಲ್ಲಿಸಲಾಗದು, ರಾಯಲ್ಟಿ ತಪ್ಪಿಸಲಾಗದು. ಹಿಂಡುವುದಕ್ಕೆ ಉಳಿಯುವುದು ಟೀಚರ್ ಸಂಬಳ ಒಂದೇ.

ಹಿಂಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಶಾಲೆಯ ಲೆಕ್ಕ ನೋಡಲು ಹೋಗಿದ್ದೆ. ಒಂದನೇ ತರಗತಿಯ ಎರಡು ಸೆಕ್ಷನ್‌ಗಳ ನಡುವಿನ ಮಡಚುವ ಗೋಡೆಯನ್ನು ಸರಿಸಿಟ್ಟಿದ್ದರು. ಒಬ್ಬರೇ ಮಿಸ್, ಅರವತ್ತರ ಹತ್ತಿರ ಮಕ್ಕಳು. ಎರಡು ಬೋರ್ಡಿನ ಮೇಲೂ ಅದೇ ಕೂಡುವ ಲೆಕ್ಕವನ್ನು ಎರಡು ಸಲ ಬರೆಯುತ್ತಿದ್ದರು, ಆ ತುದಿಯ ಮಕ್ಕಳಿಗೆ ಈ ಬೋರ್ಡ್ ಕಾಣುವುದಿಲ್ಲವಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತ ಸ್ಪಷ್ಟವಾಗಿ ಬರೆದಿದೆ. ನನ್ನ ಮುಂದಿದ್ದ ಸಂಬಳದ ಪಟ್ಟಿಯಲ್ಲಿ ಆ ಎರಡೂ ಸೆಕ್ಷನ್ನಿಗೆ ಬೇರೆ ಬೇರೆ ಹೆಸರಿತ್ತು. ಮಧ್ಯಾಹ್ನ ಆ ಮಿಸ್ ಆಫೀಸಿಗೆ ಬಂದು ಒಂದು ಕವರ್ ಕೊಟ್ಟು ಹೋದರು. ಖಾತೆಗೆ ಜಮಾ ಆದ ಸಂಬಳದಲ್ಲಿ ಒಂದು ಪಾಲನ್ನು ನಗದಾಗಿ ಹಿಂದಿರುಗಿಸುವ ಕವರ್ ಅದು. ಅವರ ಬೆರಳಿನ ತುಂಬ ಸೀಮೆಸುಣ್ಣದ ಪುಡಿ, ಕವರಿನ ಮೇಲೂ ಬಿಳಿ ಗುರುತು. ಆ ವರ್ಷವೇ ನಾನು ಆ ಶಾಲೆಯ ಕೆಲಸ ಬಿಟ್ಟೆ. ಬಿಟ್ಟರೆ ಆ ಮಿಸ್‌ಗೆ ಏನು ಉಪಕಾರ ಆಯಿತು ಅಂತ ಈಗಲೂ ಕೇಳಿಕೊಳ್ಳುತ್ತೇನೆ.

ಸಿಬಿಎಸ್‌ಇ ನಿಯಮಗಳು ಫ್ರಾಂಚೈಸಿ ಶಾಲೆಗಳಿಂದ ಒಂದು ಅಫಿಡವಿಟ್ ಕೇಳುತ್ತವೆ. ಹೆಸರು, ಲೋಗೊ, ಧ್ಯೇಯವಾಕ್ಯ ಬಳಸುವುದಕ್ಕೆ ಮೂಲ ಸಂಸ್ಥೆಗೆ ಹಣ ಕೊಡುತ್ತಿಲ್ಲ ಎಂದು. ಹೂಡಿಕೆ ಮಾಡಲು ಹೊರಟ ಎಷ್ಟು ಜನ ಇದನ್ನು ಓದಿದ್ದಾರೆ? ಒಪ್ಪಂದಗಳಲ್ಲಿ ರಾಯಲ್ಟಿಗೆ 'ಶೈಕ್ಷಣಿಕ ಬೆಂಬಲ', 'ಪಠ್ಯಕ್ರಮ ಪರವಾನಗಿ' ಅಂತೆಲ್ಲ ಹೆಸರು ಬರುವುದು ಸುಮ್ಮನೆ ಅಲ್ಲ. ಅಂಥ ಅಫಿಡವಿಟ್‌ಗೆ ಸೈನ್ ಹಾಕುವವರೂ ಸ್ಥಳೀಯ ಟ್ರಸ್ಟಿಗಳೇ.

ದುಡ್ಡಿನ ಮಾತು ಒತ್ತಟ್ಟಿಗಿರಲಿ, ನನಗೆ ಇದಕ್ಕಿಂತ ದೊಡ್ಡ ಸಂಕಟ ಕಾಲದ್ದು. ಮಗು ಎಲ್‌ಕೆಜಿಗೆ ಸೇರಿ ಹತ್ತನೇ ತರಗತಿ ಮುಗಿಸುವುದಕ್ಕೆ ಹನ್ನೆರಡು ವರ್ಷ ಬೇಕು. ಅವನ ಫೈಲಿನ ಒಪ್ಪಂದ ಇದ್ದದ್ದು ಒಂಬತ್ತು ವರ್ಷಕ್ಕೆ. ಹೂಡಿಕೆದಾರ ನೋಡುವುದು ನಾಲ್ಕು ವರ್ಷ. ಮೂರೂ ಬೇರೆ ಬೇರೆ ಗಡಿಯಾರ. ಒಪ್ಪಂದ ಮುರಿದರೆ ಏನಾಗುತ್ತದೆ ಅನ್ನುವುದಕ್ಕೆ ಫೈಲಿನಲ್ಲಿ ಎರಡೂವರೆ ಪುಟ ಇತ್ತು: ಬೋರ್ಡ್ ಇಳಿಸಬೇಕು, ಪುಸ್ತಕ ವಾಪಸ್ ಮಾಡಬೇಕು, ಆ ಹೆಸರು ಇನ್ನೆಲ್ಲೂ ಬಳಸಬಾರದು, ಬಾಕಿ ಕೊಡಬೇಕು. ಎರಡೂವರೆ ಪುಟದಲ್ಲಿ 'ಮಗು' ಅನ್ನುವ ಪದ ಒಂದು ಸಲವೂ ಇಲ್ಲ. ನಾನು ಎರಡು ಸಲ ಹುಡುಕಿದೆ.

ಪೋಷಕರು ಇದನ್ನು ತಿಳಿದಿರಬೇಕು. ಶಾಲೆಯ ಮಾನ್ಯತೆ, ಯುಡೈಸ್ ಸಂಖ್ಯೆ (ಸರ್ಕಾರ ಪ್ರತಿ ಶಾಲೆಗೆ ಕೊಡುವ ಗುರುತಿನ ಸಂಖ್ಯೆ), ಮಕ್ಕಳ ಟಿ.ಸಿ. ಎಲ್ಲವೂ ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಗೇಟಿನ ಮೇಲಿನ ದೊಡ್ಡ ಹೆಸರು ನೋಡಿ ನೀವು ಅಡ್ಮಿಷನ್ ಮಾಡಿಸಿರುತ್ತೀರಿ, ಆದರೆ ನೀವು ಕಟ್ಟಿದ ಫೀಸಿನ ರಸೀದಿಯಲ್ಲಿ ಯಾವ ಟ್ರಸ್ಟಿನ ಹೆಸರಿದೆ ಒಮ್ಮೆ ನೋಡಿ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಸೆಕ್ಷನ್ನಿನಡಿ 1 ಲಕ್ಷದವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000. ಎಷ್ಟೋ ಕಡೆ ಅಡ್ಮಿಷನ್ ಮೊದಲು, ಮಾನ್ಯತೆಯ ಅರ್ಜಿ ಆಮೇಲೆ.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಸ್ವೀಡನ್ನಿನಲ್ಲಿ 1990ರ ದಶಕದಲ್ಲಿ ಸರ್ಕಾರಿ ದುಡ್ಡಿನಲ್ಲಿ ಖಾಸಗಿ ಕಂಪನಿಗಳು ಲಾಭಕ್ಕೆ ಶಾಲೆ ನಡೆಸಲು ದಾರಿಯಾಯಿತು. 2013ರಲ್ಲಿ ಜೆಬಿ ಎಜುಕೇಷನ್ ಅನ್ನುವ ದೊಡ್ಡ ಸರಪಳಿ ದಿವಾಳಿ ಎದ್ದಿತು. ಅದರ ಒಡೆತನ ಇದ್ದದ್ದು ಒಂದು ಡ್ಯಾನಿಷ್ ಹೂಡಿಕೆ ಸಂಸ್ಥೆಯ ಕೈಯಲ್ಲಿ. ಸಾವಿರಾರು ಮಕ್ಕಳು ಶಾಲೆ ಹುಡುಕಬೇಕಾಯಿತು. ಹೂಡಿಕೆ ಸಂಸ್ಥೆಗೆ ನಷ್ಟವಾದರೆ ಮುಂದಿನ ವರ್ಷ ಇನ್ನೊಂದರಲ್ಲಿ ತುಂಬಿಸಿಕೊಳ್ಳುತ್ತದೆ. ಒಂಬತ್ತನೇ ತರಗತಿಯ ಮಗುವಿಗೆ ಒಂಬತ್ತನೇ ತರಗತಿ ಬರುವುದು ಒಂದೇ ಸಲ.

ಖಾಸಗಿ ಶಾಲೆಯೇ ಬೇಡ ಅನ್ನುವವಳಲ್ಲ ನಾನು. ನಮ್ಮ ನಾಡಿನ ಓದು ಅರ್ಧಕ್ಕರ್ಧ ನಿಂತಿರುವುದೇ ಜನ ಸೇರಿ ಕಟ್ಟಿದ ಸಂಸ್ಥೆಗಳ ಮೇಲೆ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದವರು ಏಳು ಜನ ಶಿಕ್ಷಕರು. ಸಪ್ತರ್ಷಿಗಳು ಅಂತ ಅವರನ್ನು ಇವತ್ತಿಗೂ ನೆನೆಯುತ್ತಾರೆ. ಅವರಿಗೂ ದುಡ್ಡು ಬೇಕಿತ್ತು, ದಾನಿಗಳ ಬಾಗಿಲಿಗೆ ಹೋದರು. ಆದರೆ ಬಂದ ದುಡ್ಡು ಹೊರಗೆ ಹೋಗುವ ಬಾಗಿಲು ಇಟ್ಟುಕೊಂಡಿರಲಿಲ್ಲ. ಫ್ರಾಂಚೈಸಿಯಲ್ಲೂ ಒಳ್ಳೆಯದು ಏನೂ ಇಲ್ಲ ಅಂತಲ್ಲ. ಶಾಲೆಯ ಗಂಧಗಾಳಿ ಇಲ್ಲದವರಿಗೆ ಟೀಚರ್ ತರಬೇತಿ, ಪಾಠದ ಯೋಜನೆ, ಮಕ್ಕಳ ಸುರಕ್ಷತೆಯ ಕ್ರಮ ಇವನ್ನು ಹೇಳಿಕೊಡುವವರು ಬೇಕೇ ಬೇಕು. ಅದಕ್ಕೆ ಒಂದು ಗೊತ್ತುಪಡಿಸಿದ ಮೊತ್ತ ಕೊಡಿ, ಎರಡು ಮೂರು ವರ್ಷ ಕಲಿಯಿರಿ, ಸಾಕು. ಹೆಸರಿಗೆ ಜೀವಮಾನವಿಡೀ ಫೀಸಿನ ಪಾಲು ಕೊಡುವುದು ನನಗೆ ಒಪ್ಪಿಗೆಯಿಲ್ಲ.

ತಮ್ಮನಿಗೆ ಬೇಡ ಅಂತ ಒಂದೇ ಮಾತಿನಲ್ಲಿ ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಶಾಲೆ ಕಟ್ಟುವ ಆಸೆ ಇದೆ, ಅದು ಸುಳ್ಳಲ್ಲ. ಮೂರು ವಿಷಯ ಕೇಳಿ ತರಲು ಹೇಳಿದೆ. ಐದು ವರ್ಷ ದಾಟಿದ ನಿಮ್ಮ ಮೂರು ಶಾಲೆಗಳ ಆಡಿಟ್ ಆದ ಲೆಕ್ಕ ಕೊಡಿ. ಆ ಶಾಲೆಗಳಲ್ಲಿ ಮೊದಲ ವರ್ಷ ಸೇರಿದ ಟೀಚರ್‌ಗಳಲ್ಲಿ ಎಷ್ಟು ಜನ ಇನ್ನೂ ಇದ್ದಾರೆ ಹೇಳಿ. ಒಪ್ಪಂದ ಮುರಿದರೂ ಓದುತ್ತಿರುವ ಮಕ್ಕಳು ಹತ್ತನೇ ತರಗತಿ ಮುಗಿಸುವವರೆಗೆ ಹೆಸರು, ಪುಸ್ತಕ, ತರಬೇತಿ ಮುಂದುವರಿಸುತ್ತೇವೆ ಅಂತ ಒಂದು ಸಾಲು ಸೇರಿಸಿ.

ಮೊನ್ನೆ ಫೋನ್ ಮಾಡಿದ್ದ. ಮೊದಲನೆಯದು ಗೌಪ್ಯ ಅಂದರಂತೆ. ಎರಡನೆಯದಕ್ಕೆ ವಿಚಾರಿಸಿ ಹೇಳುತ್ತೇವೆ ಅಂದರಂತೆ. ಮೂರನೆಯದನ್ನು ಅವರ ವಕೀಲರು ಒಪ್ಪುವುದಿಲ್ಲವಂತೆ. "ಅಕ್ಕಾ, ಅಡ್ವಾನ್ಸ್ ಎರಡು ಲಕ್ಷ ಆಗಲೇ ಕೊಟ್ಟುಬಿಟ್ಟಿದೀನಿ, ನಿನಗೆ ಹೇಳಿರಲಿಲ್ಲ" ಅಂದ. ಈ ಭಾನುವಾರ ಒಪ್ಪಂದದ ಕರಡು, ರಸೀದಿ ಎರಡನ್ನೂ ತಗೊಂಡು ಬಾ ಅಂದಿದ್ದೇನೆ. ವಾಪಸ್ ಕೇಳಿ ಪತ್ರ ಬರೆಯಬೇಕು.