ಕಾಯಿ ಬಿಡಲಿ, ಹೇಳೋಣ

ಗಿಡ ಗುರುತಿಸಬಲ್ಲವರ ಫೋನಿಗೆ ಚಳಿಗಾಲ ಬಂತೆಂದರೆ ಒಂದೇ ಬಗೆಯ ಫೋಟೊ ಬಂದು ಬೀಳುತ್ತದೆ. ಮೇಲಿನಿಂದ ತೆಗೆದದ್ದು. ನಡುವೆ ಬಿಳಿಯದೋ ಹಳದಿಯದೋ ನಾಲ್ಕು ದಳದ ಹೂವು, ಸುತ್ತ ಮಬ್ಬು ಹಸಿರು. ಕೆಳಗೆ ಎರಡೇ ಪದ: 'ಇದು ಯಾವುದು?' ಸಾಸಿವೆ ಬಳಗದ್ದು ಎಂದರೆ, 'ಅಷ್ಟು ಆ್ಯಪೂ ಹೇಳಿತು' ಎಂಬ ಮರುಮಾತು. ಹೇಳದೆ ಇನ್ನೇನು! ನಾಲ್ಕು ದಳ ಕಂಡೊಡನೆ ಸಾಸಿವೆ ಎನ್ನುವುದು, ಕನ್ನಡಕ ಕಂಡೊಡನೆ ಮೇಷ್ಟ್ರು ಎಂದ ಹಾಗೆ.

ಈ ಬಳಗದಲ್ಲಿ ಹೂವು ಬರೀ ಬಾಗಿಲ ತೋರಣ. ಹೆಸರಿರುವುದು ಕಾಯಿಯಲ್ಲಿ. ಕಾಯಿಯ ಉದ್ದ ಅಗಲದ ಮೂರು ಪಟ್ಟು ಮೀರಿದೆಯೋ ಇಲ್ಲವೋ, ನೆಟ್ಟಗೆ ನಿಂತಿದೆಯೋ ಚಾಚಿದೆಯೋ, ಸೀಳಿದರೆ ನಡುವಿನ ತೆಳು ಪರದೆಯ ಆಚೀಚೆ ಬೀಜ ಒಂದು ಸಾಲೋ ಎರಡು ಸಾಲೋ. ಆಮೇಲೆ ಬುಡದ ಎಲೆ. ಕಳಿಸಿದ ಫೋಟೊದಲ್ಲಿ ಈ ಎರಡೂ ಇರುವುದಿಲ್ಲ, ಬದಲಿಗೆ ಯಾರದೋ ಹೆಬ್ಬೆರಳಿರುತ್ತದೆ.

ಹೆಸರಿನ ಮಾತು ಬಂದ ಮೇಲೆ ನಾಯಿಸಾಸಿವೆಯನ್ನು ದಾಟಿ ಹೋಗುವಂತಿಲ್ಲ. ಮಳೆ ಬಿದ್ದ ಮೇಲೆ ಖಾಲಿ ಸೈಟು, ಹೊಲದ ಬದು, ಎಲ್ಲೆಂದರಲ್ಲಿ ಹಳದಿ ಹೂ ಬಿಡುವ ಗಿಡ. ನಾಲ್ಕು ದಳ ಇದೆ, ಉದ್ದನೆ ಕೋಡು ಇದೆ, ಹೆಸರಿನಲ್ಲೇ ಸಾಸಿವೆ ಇದೆ. ಆದರೂ ಅದು ಸಾಸಿವೆಯಲ್ಲ, ಕ್ಲಿಯೋಮ್ ಎಂಬ ಬೇರೆ ಬಳಗದ್ದು. ಕಾಂಡ ಮುಟ್ಟಿದರೆ ಬೆರಳು ಅಂಟುತ್ತದೆ. ದಳಗಳು ಶಿಲುಬೆಯಂತೆ ಕೂರದೆ ಒಂದು ಬದಿಗೆ ಸರಿದಿರುತ್ತವೆ. ಕೇಸರ, ಅಂದರೆ ಹೂವಿನ ನಡುವಿನ ಪರಾಗದ ಎಳೆ, ಸಾಸಿವೆಗೆ ಆರು, ನಾಲ್ಕು ಉದ್ದ ಎರಡು ಗಿಡ್ಡ. ಇದಕ್ಕೆ ಹತ್ತು ಮೀರಿದ ಗುಂಪು. ಕಾಯಿಯೊಳಗೆ ಪರದೆಯೇ ಇಲ್ಲ. ಅಸಲಿಯಲ್ಲ ಎಂಬುದು ಹಳೆಯವರಿಗೂ ಗೊತ್ತಿತ್ತು, ಅದಕ್ಕೇ ನಾಯಿಯನ್ನು ಕಟ್ಟಿದರು. ಕೊಡೆಯಲ್ಲದ ಕೊಡೆ ನಾಯಿಕೊಡೆ, ಬಿಡದೆ ಕಾಡುವ ಕೆಮ್ಮು ನಾಯಿಕೆಮ್ಮು, ಕೆಟ್ಟ ಪಾಡು ನಾಯಿಪಾಡು. ಮನೆ ಕಾಯುವ ಪ್ರಾಣಿಗೆ ಕನ್ನಡ ಕೊಟ್ಟ ಸಂಬಳ ಇದು. ಉತ್ತರಾಖಂಡದವರು ಇದೇ ಬೀಜಕ್ಕೆ ಜಖಿಯಾ ಎಂದು ಮರ್ಯಾದೆಯ ಹೆಸರಿಟ್ಟು ಆಲೂಗಡ್ಡೆ ಪಲ್ಯಕ್ಕೆ ಚಟಪಟ ಒಗ್ಗರಣೆ ಕೊಡುತ್ತಾರೆ. ನಾವು ಕಿತ್ತು ಬಿಸಾಡಿ, ಅಂಗಡಿಯಿಂದ ಸಾಸಿವೆ ತರುತ್ತೇವೆ.

ಇಂಗ್ಲಿಷಿನವರೇನು ಕಡಿಮೆಯಲ್ಲ, ಅವರು ಹಂದಿಯನ್ನು ಹಿಡಿದರು. ಅವರಲ್ಲಿ ಹಂದಿಯ ಹೆಸರು ಹೊತ್ತ, ಸಾಸಿವೆ ಬಳಗದ್ದೇ ಕಳೆ ಲೆಪಿಡಿಯಂ ಡಿಡಿಮಂ ದಕ್ಷಿಣ ಅಮೆರಿಕದಿಂದ ಹೊರಟು ಬೆಂಗಳೂರಿನ ಹುಲ್ಲುಹಾಸಿಗೂ ಬಂದಿದೆ. ನೆಲಕ್ಕಂಟಿ ಹರಡುತ್ತದೆ. ದಳ ಇದ್ದೂ ಇಲ್ಲದಂತೆ, ಕೇಸರ ಸಾಮಾನ್ಯವಾಗಿ ಎರಡೇ. ಎರಡು ಪುಟ್ಟ ಉಂಡೆ ಅಂಟಿಸಿದಂಥ ಕಾಯಿ, ಉದ್ದಕ್ಕಿಂತ ಅಗಲ ಹೆಚ್ಚು. ಎಲೆ ಹಿಸುಕಿದರೆ ಬರುವ ಘಾಟಿನ ಮುಂದೆ ಲೆನ್ಸು ಬೇಕಿಲ್ಲ. ಹಸು ಮೇದರೆ ಹಾಲೂ ನಾರುತ್ತದೆ. ಬಾಣಂತಿಗೆ ಉಂಡೆ ಕಟ್ಟುವ ಅಳವಿ ಇದರದೇ ಕುಲ ಎಂದು ಯಾವ ಅಜ್ಜಿಗೂ ಹೇಳದಿರುವುದು ಲೇಸು.

ನಿಜವಾದ ತಲೆನೋವು ಕಾರ್ಡಮೈನ್, ಇದೇ ಬಳಗದ ಪುಟ್ಟ ಬಿಳಿ ಹೂವಿನ ಕಳೆ. ನೀಲಗಿರಿಯ ತಂಪಿನಲ್ಲಿ ಬೆಳೆಯುತ್ತದೆ, ಇಂಗ್ಲೆಂಡಿನಲ್ಲಿ ಮನೆ ಮಾಡಿದ ಕನ್ನಡಿಗರ ಹಿತ್ತಲಲ್ಲೂ ಮಾರ್ಚಿಗೆ ಹಾಜರು. ಇದರ ಒಂದು ಜಾತಿಗೆ ಹಿರ್ಸುಟಾ ಎಂದು ಹೆಸರು, ಅಂದರೆ ರೋಮವುಳ್ಳದ್ದು. ಆ ರೋಮ ಎಷ್ಟು ವಿರಳವೆಂದರೆ ಬೋಳುತಲೆಯವನಿಗೆ ಜಟಾಧರ ಎಂದು ಹೆಸರಿಟ್ಟ ಹಾಗೆ. ಅದರ ದಾಯಾದಿ ಫ್ಲೆಕ್ಸುಯೋಸಾಗೆ ಕೇಸರ ಆರು, ಹಿರ್ಸುಟಾಗೆ ನಾಲ್ಕು. ಗಿಡ್ಡ ಎರಡು ಇರುವುದಿಲ್ಲ. ಹೂವಿನ ದಳವೇ 3–4 ಮಿ.ಮೀ. ಆವತ್ತು ಬೆಳಗ್ಗೆ ಅರಳಿದ್ದನ್ನೇ ಆರಿಸಬೇಕು, ಹಳೆಯದಾದರೆ ಕೇಸರ ಉದುರಿ ಲೆಕ್ಕ ತಪ್ಪುತ್ತದೆ. ಕಪ್ಪು ಕಾಗದದ ಮೇಲಿಟ್ಟು, ಸೂಜಿಯಿಂದ ದಳ ಬಿಡಿಸಿ, 10 ಪಟ್ಟಿನ ಲೆನ್ಸು ಹಿಡಿದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸಬೇಕು. ಯಾವ ಎಣ್ಣೆಯೆಂದು ಹಿರಿಯರು ಹೇಳಿಲ್ಲ, ಸಾಸಿವೆಯದ್ದು ಬೇಡ. ಒಂದು ಹೂವು ಎಣಿಸಿ ತೀರ್ಪು ಕೊಡಬಾರದು. ಚಳಿ ಹೆಚ್ಚಿದರೆ ಹಿರ್ಸುಟಾ ಐದನೆಯ, ಆರನೆಯ ಕೇಸರವನ್ನೂ ಹೊರತಂದು, ಎಣಿಸಿದವರ ಮುಖ ನೋಡುತ್ತದೆ. ಬೇರೆ ಬೇರೆ ಗಿಡಗಳಿಂದ ಹತ್ತು ಹೂವಾದರೂ ಬೇಕು.

ಇಷ್ಟಾದ ಮೇಲೂ ಅನುಮಾನವಿದ್ದರೆ ಕಾಯಿಗೆ ಕಾಯಬೇಕು. ಹಿರ್ಸುಟಾದಲ್ಲಿ ಬುಡದ ಎಲೆಗಳ ಚಕ್ರ ಇನ್ನೂ ಉಳಿದಿರುತ್ತದೆ, ಕಾಯಿಗಳು ನೆಟ್ಟಗೆ ನಿಂತು ಹೂವನ್ನೇ ಮೀರಿ ಮೇಲೇರುತ್ತವೆ. ಆಗ ಧೈರ್ಯವಾಗಿ ಹೆಸರು ಹೇಳಬಹುದು. ಅಷ್ಟರಲ್ಲಿ ಕಾಯಿ ಬಲಿತಿರುತ್ತದೆ. ಬಲಿತ ಕಾಯಿಗೆ ಬೆರಳು ತಾಗಿದರೆ ಸಿಪ್ಪೆಗಳು 3 ಮಿಲಿಸೆಕೆಂಡಿನೊಳಗೆ ಸುರುಳಿ ಸುತ್ತಿಕೊಂಡು, ಸೆಕೆಂಡಿಗೆ 10 ಮೀಟರ್ ಮೀರಿದ ವೇಗದಲ್ಲಿ ಬೀಜ ಎಸೆಯುತ್ತವೆ. ಸುತ್ತ 2 ಮೀಟರ್ ಬಿತ್ತನೆ ಮುಗಿದಂತೆ. ಕೀಳುವ ಮೊದಲು ಇಡೀ ಗಿಡಕ್ಕೆ ಪ್ಲಾಸ್ಟಿಕ್ ಕವರು ಮುಚ್ಚಿ, ಬುಡದಲ್ಲಿ ಬಿಗಿ ಹಿಡಿದು ಎಳೆಯಬೇಕು. ಆದರೆ ಫೋಟೊ ಕಳಿಸಿದವರು ಅಷ್ಟು ಹೊತ್ತು ಕಾಯುವವರಲ್ಲ. 'ಹೆಸರು ಬಿಡಿ, ನೆನ್ನೆಯೇ ಕಿತ್ತು ಕೊಡವಿದೆ' ಎನ್ನುತ್ತಾರೆ.

ಕೊಡವಿದ್ದು ಎಲ್ಲಿ? ಪಕ್ಕದ ಗುಲಾಬಿ ಕುಂಡದ ಮೇಲೆ.