ಖಾರ ಇದ್ದರೆ ಸಾಸ್ ಕೆಡುವುದಿಲ್ಲ ಎನ್ನುವ ಮೆಸೇಜು ತಪ್ಪು

ವಿಜಯಪುರದ ಅಡುಗೆ ಗ್ರೂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ: "ಪಪ್ಪಾಯಿ, ಮೆಣಸಿನಕಾಯಿ, ಬೆಳ್ಳುಳ್ಳಿ ಬೇಯಿಸಿ ಅರೆದು ಬಾಟಲಿಗೆ ತುಂಬಿ. ಖಾರ ಇರುವುದರಿಂದ ಹುಳಿ ಬೇಡ, ಫ್ರಿಜ್ ಬೇಡ, ಆರು ತಿಂಗಳು ಹೊರಗಿಡಿ." ದಯವಿಟ್ಟು ಹೀಗೆ ಮಾಡಬೇಡಿ.

ಸಾಸನ್ನು ಕಾಯುವುದು ಖಾರವಲ್ಲ, ಹುಳಿ. ನಮ್ಮ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಕೆಡುವುದಿಲ್ಲ ಅಲ್ವಾ ಎಂದು ಕೆಲವರು ಕೇಳಿದ್ದಾರೆ. ರಂಜಕಕ್ಕೆ ನಾವು ಎಷ್ಟು ಉಪ್ಪು ಸುರಿಯುತ್ತೇವೆ, ಎಷ್ಟು ಲಿಂಬೆ ಹಿಂಡುತ್ತೇವೆ ನೆನಪಿಸಿಕೊಳ್ಳಿ. ಅದು ಉಳಿಯುವುದು ಅವುಗಳಿಂದ.

ಹುಳಿಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. 4.6ಕ್ಕಿಂತ ಮೇಲಿದ್ದರೆ, ಗಾಳಿಯಾಡದ ಬಾಟಲಿಯಲ್ಲಿ ಬೊಟುಲಿಸಮ್ ಎಂಬ ಜೀವಕ್ಕೇ ಅಪಾಯವಾದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಮಾಗಿದ ಪಪ್ಪಾಯಿಯದು 5ಕ್ಕಿಂತ ಮೇಲೆ. ಬೆಳ್ಳುಳ್ಳಿಯಲ್ಲೂ ಹುಳಿ ಕಡಿಮೆ. ಈ ಬ್ಯಾಕ್ಟೀರಿಯಾದ ಬೀಜಕಣಗಳು ಮನೆಯ ಪಾತ್ರೆಯಲ್ಲಿ ಕುದಿಸಿದರೂ ಸಾಯುವುದಿಲ್ಲ. ಅದರ ವಿಷ ಸೇರಿದರೂ ವಾಸನೆ, ಬಣ್ಣ ಬದಲಾಗದೇ ಇರಬಹುದು. ಬೂಷ್ಟು ಕಾಣಲಿಲ್ಲ ಎಂದು ಸುಮ್ನೆ ಧೈರ್ಯ ಮಾಡಬೇಡಿ.

ಹಣ್ಣಿನ ಸಾಸ್ ಖಂಡಿತ ಮಾಡಿ, ಮಾವು-ಮೆಣಸಿನಕಾಯಿ ಜೋಡಿ ಬಹಳ ರುಚಿ. ವಿನೆಗರ್ ಅಥವಾ ಇಂಡಿ ಲಿಂಬೆಯ ರಸ ಧಾರಾಳವಾಗಿ ಹಾಕಿ, ಕುದಿಸಿ, ಫ್ರಿಜ್‌ನಲ್ಲೇ ಇಡಿ. ಒಂದೆರಡು ವಾರದಲ್ಲಿ ಮುಗಿಸಿ. ಜಾಸ್ತಿ ಮಾಡಿದ್ದರೆ ಫ್ರೀಜರ್‌ಗೆ ಹಾಕಿ.

ಆ ಮೆಸೇಜನ್ನು ಇನ್ನು ಮುಂದೆ ಕಳಿಸಬೇಡಿ. ಯಾರಿಗಾದರೂ ಕಳಿಸಿದ್ದರೆ ಇದನ್ನೂ ಕಳಿಸಿ. ಹಾಗೆ ಮಾಡಿದ ಬಾಟಲಿ ಹೊರಗಿದ್ದರೆ, ರುಚಿ ನೋಡದೆ ಎಸೆದುಬಿಡಿ.